ಚಪ್ಪಲಿಯ ಪಕ್ಕದ ಡಬ್ಬಿ

ನಮ್ಮ ಮನೆಯಲ್ಲಿ ಎತ್ತರದವಳು ಅಕ್ಕ ಒಬ್ಬಳೇ. ಹೀಗಾಗಿ ಮೇಲಿನ ಹಲಗೆಯ ಮೇಲಿನ ಡಬ್ಬಿ ಇಳಿಸುವುದು, ಜಂತಿಯ ಜೇಡರ ಬಲೆ ಹೊಡೆಯುವುದು, ಟಿ.ವಿ. ಆಂಟೆನಾ ತಿರುಗಿಸುವುದು, ಎಲ್ಲವೂ ಅವಳ ಕೊರಳಿಗೇ ಬಿದ್ದಿದ್ದವು. ತೊಂಬತ್ತರ ದಶಕ ಅದು. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಟಿ.ವಿ. ಇದ್ದ ಮನೆಗಳೇ ಕಡಿಮೆ. ನಮ್ಮದು ಕಪ್ಪು-ಬಿಳುಪಿನದು. ಅಂಗಡಿಯವನು ಬಂದು ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿ ಹೋದ; ಮೊದಲ ಬಿರುಗಾಳಿಗೇ ಅದು ಮುಖ ತಿರುಗಿಸಿಕೊಂಡಿತು. ಆಮೇಲೆ ಚಿತ್ರ ಬರಬೇಕೆಂದರೆ ಒಬ್ಬರು ಮೇಲೆ ಹೋಗಿ ಅದರ ಕೊಳವೆ ಹಿಡಿದು ನಿಲ್ಲಬೇಕಾಯಿತು.

ನಾನು ಹಿಡಿದರೆ ಬರುತ್ತಿರಲಿಲ್ಲ. ಅಪ್ಪ ಹಿಡಿದರೆ ಧ್ವನಿ ಮಾತ್ರ ಬರುತ್ತಿತ್ತು. ಅಕ್ಕ ಹಿಡಿದರೆ ಚಿತ್ರ ನಿಚ್ಚಳ. ಅವಳು ಕೈ ಬಿಟ್ಟಳೋ, ಪರದೆಯ ತುಂಬ ಅಕ್ಕಿ ಚೆಲ್ಲಿದ ಹಾಗೆ. ಅವ್ವ ಅಂಗಳದಲ್ಲಿ ನಿಂತು, ಬಂತು, ಅಲ್ಲೇ ನಿಂದ್ರು ಎಂದು ಕೂಗುತ್ತಿದ್ದಳು. ಅಕ್ಕ ನಿಲ್ಲುತ್ತಿದ್ದಳು. ಭಾನುವಾರದ ಸಿನಿಮಾ ಓಣಿಯೆಲ್ಲ ನೋಡಿತು, ನಮ್ಮ ಅಕ್ಕ ನೋಡಲಿಲ್ಲ. ಊಟಕ್ಕೆ ಕೂತಾಗ ನಾನು ಅವಳಿಗೆ ಕಥೆ ಹೇಳುತ್ತಿದ್ದೆ, ಸತ್ತವರನ್ನೆಲ್ಲ ಬದುಕಿಸಿ ಹೇಳುತ್ತಿದ್ದೆ. ಅವಳಿಗೆ ಗೊತ್ತಾಗುತ್ತಿತ್ತು, ಆದರೂ ಕೇಳುತ್ತಿದ್ದಳು. ಗುಡಿಯ ಮೇಲೆ ಕಳಸ ಇರುತ್ತದೆ, ನಮ್ಮ ಮನೆಯ ಮೇಲೆ ನಾನಿದ್ದೇನೆ ಎಂದು ನಗುತ್ತಿದ್ದಳು.

ಇದನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ಮುಂದೆ ನಮ್ಮ ಅವ್ವ ಅಕ್ಕನ ಬದುಕಿನಲ್ಲಿ ಕಾರಣ ಹುಡುಕುತ್ತ ಹೊರಟಾಗ ಈ ಮಾಳಿಗೆಯವರೆಗೂ ಬಂದು ನಿಂತಿದ್ದಳು.

ಅಕ್ಕನನ್ನು ಹುಮನಾಬಾದಿಗೆ ಕೊಟ್ಟೆವು. ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ ಮನೆ. ಭಾವ ಹೆದ್ದಾರಿಯ ಬದಿಗೆ ಲಾರಿಯ ಬಿಡಿಭಾಗ ಮಾರುವ ಅಂಗಡಿಯಲ್ಲಿದ್ದ. ಅತ್ತೆ ಮೆತ್ತಗಿನ ಹೆಂಗಸು, ಸೊಸೆಗೆ ಗದರಿಸಬೇಕಾದರೂ ಮೊದಲು ಚಹಾ ಕುಡಿಸುವವಳು. ಅಂಥ ಮನೆಯಲ್ಲಿ ಅಕ್ಕನ ಮೊದಲ ಬಸಿರು ಮೂರನೇ ತಿಂಗಳಿಗೆ ಇಳಿದುಹೋಯಿತು. ಮರುವರ್ಷ ಎರಡನೆಯದೂ ಹಾಗೇ ಆಯಿತು. ಯಾರೂ ಅವಳಿಗೆ ಒಂದು ಮಾತು ಅನ್ನಲಿಲ್ಲ. ಅನ್ನದಿದ್ದದ್ದೇ ಅವಳಿಗೆ ಹೆಚ್ಚು ಭಾರವಾಯಿತೋ ಏನೋ, ಬಸವಕಲ್ಯಾಣಕ್ಕೆ ಬಂದರೆ ಕೂಸಿದ್ದ ಮನೆಯ ಮುಂದೆ ಹಾಯದೆ ಸುತ್ತು ಹಾಕಿ ಹೋಗುತ್ತಿದ್ದಳು.

ಅವ್ವ ಮೊದಲು ದೇವರ ಕಡೆ ಹುಡುಕಿದಳು. ಹರಕೆ ಹೊತ್ತಳು, ಸೋಮವಾರ ಹಿಡಿದಳು. ಅಷ್ಟರಲ್ಲಿ ಮನೆಮನೆಗೂ ಮೊಬೈಲು ಬಂತು. ಭಾವನ ಮನೆಯ ಎದುರಿನ ಕಟ್ಟಡದ ಮೇಲೆ ಕೆಂಪು-ಬಿಳಿ ಪಟ್ಟಿಯ ಟವರು ಅಕ್ಕ ಮದುವೆಯಾಗಿ ಹೋದ ವರ್ಷವೇ ಎದ್ದಿತ್ತು. ಅಕ್ಕನ ಮಲಗುವ ಕೋಣೆಯ ಕಿಟಕಿ ತೆರೆದರೆ ಅದೇ ಕಾಣುತ್ತಿತ್ತು. ಟವರಿನಿಂದ ಗುಬ್ಬಿ ಸಾಯುತ್ತವೆ, ಜೇನು ದಾರಿ ತಪ್ಪುತ್ತದೆ, ಬಸುರಿಗೆ ಆಗಿಬರುವುದಿಲ್ಲ ಎಂದು ಬಸ್ಸಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಪೇಪರಿನಲ್ಲಿ ಮಾತು ಹುಟ್ಟಿತು. ನಮ್ಮ ಕನ್ನಡಿಯ ಹಿಂದೆ ಗೂಡು ಕಟ್ಟುತ್ತಿದ್ದ ಗುಬ್ಬಿಗಳು ಬರದೇ ಹೋದದ್ದು ನಿಜ. ಅದು ಟವರಿನಿಂದಲೋ, ನಾವು ಜಂತಿಯ ಮನೆ ಕೆಡವಿ ಸ್ಲ್ಯಾಬ್ ಹಾಕಿದ್ದರಿಂದಲೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವವರನ್ನು ಕಂಡರೆ ನನಗೆ ಆಗಲೂ ಸಿಟ್ಟು, ಈಗಲೂ ಸಿಟ್ಟು.

ಅವ್ವನಿಗೆ ಮಾತ್ರ ಕೊನೆಗೂ ಕಾರಣ ಸಿಕ್ಕಿತ್ತು. ಅದು ಕಣ್ಣಿಗೆ ಕಾಣುವ ಕಾರಣ, ಬೆರಳು ತೋರಿಸಿ ಬೈಯಬಹುದಾದ ಕಾರಣ. ನಮ್ಮೂರಿನ ಲೇಡಿ ಡಾಕ್ಟರನ್ನು ಕೇಳಿದಳು. ನಾವೆಲ್ಲ ಡಾಕ್ಟರ್ ಬಾಯಿ ಎನ್ನುತ್ತಿದ್ದ ಆ ಹೆಂಗಸು, ಟವರಿನಿಂದಲೇ ಆಯಿತು ಎನ್ನಲು ನನ್ನ ಹತ್ತಿರ ಏನೂ ಇಲ್ಲ, ಏನೂ ಆಗುವುದಿಲ್ಲ ಎಂದು ಆಣೆ ಮಾಡಲೂ ಬರುವುದಿಲ್ಲ, ಬೇರೆ ಕಾರಣಗಳೇ ಹೆಚ್ಚಿರುತ್ತವೆ, ಮುಂದಿನ ಸಲ ಮೊದಲಿನಿಂದಲೇ ತೋರಿಸಿರಿ ಎಂದಿದ್ದರು. ಅವ್ವ ಅದರಲ್ಲಿ ನಡುವಿನ ಮಾತನ್ನಷ್ಟೇ ಹಿಡಿದುಕೊಂಡು ಮನೆಗೆ ಬಂದಳು. ಆಂಟೆನಾದ ನೆನಪು ಅವಳಿಗೆ ಬಂದದ್ದು ಆಗಲೇ. ಎಷ್ಟು ವರ್ಷ ಅದನ್ನು ಹಿಡಿದು ನಿಂತಿದ್ದಳಲ್ಲ, ಗಾಳಿಯಲ್ಲಿ ಬರುವುದೆಲ್ಲ ಮೈಯೊಳಗೆ ಇಳಿದಿರಬೇಕು ಎಂದಳು. ನಾನು ನಕ್ಕೆ. ಅಕ್ಕ ನಗಲಿಲ್ಲ, ತನ್ನ ಅಂಗೈ ನೋಡಿಕೊಂಡಳು.

ಮೂರನೇ ಸಲ ಅಕ್ಕ ಬಸುರಾದಾಗ ಮೂರನೇ ತಿಂಗಳು ದಾಟಿತು. ನಮ್ಮ ಕಡೆ ಏಳನೇ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಆಮೇಲೆ ತವರಿಗೆ ಕರೆತರುವುದು ಪದ್ಧತಿ. ಅವ್ವ ಅಷ್ಟು ದಿನ ತಡೆಯಲಿಲ್ಲ. ಹುಮನಾಬಾದಿಗೆ ಹೋಗಿ ಬೀಗಿತ್ತಿಯ ಕೈ ಹಿಡಿದು, ಆ ಕಿಟಕಿಯ ಮುಂದೆ ನನ್ನ ಮಗಳು ಮಲಗುವುದು ಬೇಡ ಎಂದು ಕೇಳಿಕೊಂಡಳು. ಆಕೆಗೂ ಹೆದರಿಕೆಯಿತ್ತು. ಪದ್ಧತಿ ಮುರಿದು, ಬಸ್ಸಿನ ಮುಂದಿನ ಸೀಟಿನಲ್ಲಿ ಕೂಡಿಸಿ, ಅಕ್ಕನನ್ನು ತಂದರು.

ಅಲ್ಲಿಂದ ನಮ್ಮ ಮನೆಯಲ್ಲಿ ಅವ್ವನ ರಾಜ್ಯಭಾರ. ಗ್ರಹಣ ಹಿಡಿದಾಗ ಬಸುರಿಯನ್ನು ಹೊರಗೆ ಬಿಡುವುದಿಲ್ಲವಲ್ಲ, ಅದೇ ನೇಮ. ಗ್ರಹಣ ತಾಸಿಗೆ ಬಿಡುತ್ತದೆ, ಇದು ಬಿಡುವ ಪೈಕಿಯಲ್ಲ ಎಂಬುದು ಅವಳ ವಾದ. ಟಿ.ವಿ.ಗೆ ಹಳೆಯ ಸೀರೆ ಹೊದಿಸಿ ತಂತಿ ಕಿತ್ತಳು. ಹೊರಗಿನ ಕಟ್ಟೆಯ ಮೇಲೆ, ಚಪ್ಪಲಿ ಬಿಡುವಲ್ಲಿ, ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿಯೊಂದನ್ನು ಇಟ್ಟಳು. ಯಾರೇ ಬರಲಿ, ಚಪ್ಪಲಿ ಬಿಟ್ಟು ಮೊಬೈಲನ್ನೂ ಅದರಲ್ಲಿ ಹಾಕಿಯೇ ಹೊಸಿಲು ದಾಟಬೇಕು. ಅಪ್ಪ ಬಟ್ಟೆ ಅಂಗಡಿಯಿಂದ ಬಂದರೂ ಅಷ್ಟೇ, ಸ್ವತಃ ಭಾವ ಬಂದರೂ ಅಷ್ಟೇ. ಪಕ್ಕದ ಮನೆಯ ಖಾಲಾ ಮೊಬೈಲು ಹಾಕುವಾಗಲೆಲ್ಲ, ನಮ್ಮ ಮಸೀದಿಯಲ್ಲೂ ಚಪ್ಪಲಿಯಷ್ಟೇ ಕೇಳುತ್ತಾರೆ, ನಿಮ್ಮ ಮನೆಯ ಕಾನೂನು ಅದಕ್ಕಿಂತ ಕಡಕ್ ಎಂದು ಅವ್ವನನ್ನು ಕಾಡಿಸುತ್ತಿದ್ದಳು. ಅವ್ವ ನಗುತ್ತ ಡಬ್ಬಿಯ ಮುಚ್ಚಳ ಒತ್ತುತ್ತಿದ್ದಳು. ಆ ದಿನಗಳಲ್ಲಿ ನಾವು ಸುಖವಾಗಿದ್ದೆವು.

ಹೀಗೆ ಮೊಬೈಲು ಹೊರಗಾದ ಮೇಲೆ ಗಂಡ ಹೆಂಡತಿ ಮಾತಾಡುವುದು ಹೇಗೆ? ಭಾವ ಗುರುವಾರ ಬರುತ್ತಿದ್ದ, ಅಂದು ಅಂಗಡಿಗೆ ರಜೆ. ಉಳಿದ ದಿನ ಸಂಜೆ, ಅಪ್ಪ ಮನೆಗೆ ಬಂದ ಹೊತ್ತು ನೋಡಿಕೊಂಡು, ಅಪ್ಪನ ಮೊಬೈಲಿಗೆ ಮಿಸ್ ಕಾಲ್ ಕೊಡುತ್ತಿದ್ದ. ಆಗ ಎಲ್ಲರದೂ ಅದೇ ರೂಢಿ. ಒಂದು ರಿಂಗ್ ಕೊಟ್ಟು ಇಟ್ಟರೆ ಎಲ್ಲ ಆರಾಮ ಎಂದು ಅರ್ಥ, ಎತ್ತಬಾರದು. ತಗಡಿನ ಡಬ್ಬಿಯೊಳಗೆ ಅದು ಬಡಿದುಕೊಂಡರೆ ಒಳಕೋಣೆಯವರೆಗೂ ಗಡಗಡ ಕೇಳುತ್ತಿತ್ತು. ಮೆಂತ್ಯದ ಸೊಪ್ಪು ಸೋಸುತ್ತ ಕೂತ ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟು, "ಕೇಳಿದೇನು? ನಿಮ್ಮಪ್ಪ" ಎನ್ನುತ್ತಿದ್ದಳು. ಕೂಸು ಒದೆಯುತ್ತದೆ ನೋಡು ಎಂದು ನನ್ನ ಕೈ ಹಿಡಿದು ಅಲ್ಲಿಡುತ್ತಿದ್ದಳು. ಒದೆಯುತ್ತಿತ್ತು.

ಐದನೇ ತಿಂಗಳಿಗೆ ಡಾಕ್ಟರ್ ಬಾಯಿ ಸ್ಕ್ಯಾನಿಂಗ್ ಮಾಡಿಸಬೇಕೆಂದರು. ನಾನೂ ಹೋಗಿದ್ದೆ. ಅವ್ವ, ಅದರಲ್ಲಿ ಏನು ಮಾಡುತ್ತಾರೆ ಎಂದು ನರ್ಸಮ್ಮನನ್ನು ಕೇಳಿದಳು. ಆಕೆ ಪಾಪ, ತಿಳಿಯುವ ಹಾಗೆ ಹೇಳಬೇಕೆಂದು, "ಹೊಟ್ಟಿ ಒಳಗ ಅಲಿ ಬಿಡತಾರ್ರಿ, ಟಿ.ವಿ.ದಾಗ ಕೂಸು ಕಾಣಸ್ತದ" ಅಂದಳು.

ಅಲೆ, ಟಿ.ವಿ. ಅವ್ವನಿಗೆ ಬೇಡವಾಗಿದ್ದ ಎರಡೂ ಒಂದೇ ಮಾತಿನಲ್ಲಿ ಬಂದವು. ಅವ್ವ ಅಕ್ಕನ ರಟ್ಟೆ ಹಿಡಿದು ಎದ್ದೇಬಿಟ್ಟಳು. ಡಾಕ್ಟರ್ ಬಾಯಿ ಹೊರಗೆ ಬಂದು, ಇದು ಟವರಿನ ಅಲೆಯಲ್ಲ, ಬರೀ ಶಬ್ದ, ಕಿವಿಗೆ ಕೇಳದ ಶಬ್ದ, ಇದರಿಂದ ಏನೂ ಆಗುವುದಿಲ್ಲ ಎಂದು ತಾಳ್ಮೆಯಿಂದಲೇ ಹೇಳಿದರು. ಕೇಳದ ಶಬ್ದ ಎಂದದ್ದಕ್ಕೆ ಅವ್ವನಿಗೆ ಇನ್ನಷ್ಟು ಭಯವಾಯಿತು. ಟವರಿನದೂ ಕೇಳುವುದಿಲ್ಲ, ಕಾಣುವುದಿಲ್ಲ. ಡಾಕ್ಟರ್ ಅಕ್ಕನ ಕಡೆ ತಿರುಗಿ, ನೀವೇನಂತೀರಿ ಎಂದು ಕೇಳಿದರು. ಅಕ್ಕ ಅವ್ವನ ಮುಖ ನೋಡಿ, "ಬ್ಯಾಡ್ರಿ ಮೇಡಂ. ಎರಡು ಹೋಗ್ಯಾವ" ಎಂದಳು.

ಏಳನೇ ತಿಂಗಳಲ್ಲಿ ಅವರು ಮತ್ತೆ ಹೇಳಿದರು, ಈ ಸಲ ಬೈದೇ ಹೇಳಿದರು. ಹೊಟ್ಟೆ ತಿಂಗಳಿಗೆ ತಕ್ಕ ಹಾಗೆ ಬೆಳೆದಿಲ್ಲ ಎಂದರು. ಅವ್ವ ಎದೆಯ ಮೇಲಿನ ಲಿಂಗಕ್ಕೆ ಕೈ ಮುಟ್ಟಿಸಿ, ಕೂಸು ಹುಟ್ಟಿದ ಕೂಡಲೇ ಮೊದಲು ನಿಮ್ಮ ಉಡಿಯಲ್ಲೇ ಹಾಕುತ್ತೇವೆ, ಇದೊಂದು ಮಾತ್ರ ಬೇಡ ಎಂದು ಕೈ ಮುಗಿದಳು. ಮಗಳನ್ನು ಉಳಿಸಿಕೊಳ್ಳಲು ಹೊರಟ ತಾಯಿಯ ಮುಂದೆ ಯಾರ ಓದೂ ನಡೆಯುವುದಿಲ್ಲ. ಅವಳು ಹಟಮಾರಿ ಎಂದು ಓದುವವರು ಅಂದುಕೊಂಡರೆ ನಾನು ಒಪ್ಪುವುದಿಲ್ಲ. ಅವಳು ಹೆದರಿದ್ದಳು, ಅಷ್ಟೇ.

ಕುಬಸದ ದಿನ ಡಬ್ಬಿ ತುಂಬಿ, ಮೊಬೈಲುಗಳನ್ನು ಬುಟ್ಟಿಯಲ್ಲಿ ಹಾಕಬೇಕಾಯಿತು. ಹಸಿರು ಸೀರೆಯಲ್ಲಿ ಅಕ್ಕ ಎಲ್ಲರಿಗಿಂತ ಒಂದು ತಲೆ ಮೇಲೆ ಕಾಣುತ್ತಿದ್ದಳು. ಅಂದು ಒಂದೇ ಸಮನೆ ರಿಂಗಾಗಿದ್ದಕ್ಕೋ ಏನೋ, ಮರುದಿನ ಅವ್ವ ಇನ್ನೊಂದು ನೇಮ ಮಾಡಿದಳು. ಡಬ್ಬಿ ಹೊರಗಿದ್ದರೂ ರಿಂಗ್ ಆಗುತ್ತದೆಂದರೆ ಅಲೆ ಇಲ್ಲಿಯವರೆಗೆ ಬಂತು ಎಂದೇ ಅರ್ಥ, ಆದ್ದರಿಂದ ಬಂದ್ ಮಾಡಿಯೇ ಇಡಬೇಕು. ಅಪ್ಪ ಸಂಜೆ ಬಂದು ಮೊಬೈಲು ಬಂದ್ ಮಾಡಿ ಡಬ್ಬಿಗೆ ಹಾಕತೊಡಗಿದ. ಹುಮನಾಬಾದಿನಿಂದ ಬರುತ್ತಿದ್ದ ಆ ಒಂದು ರಿಂಗೂ ನಿಂತಿತು.

ಅಕ್ಕ ಜಗಳಾಡಲಿಲ್ಲ. ಎಂಟನೇ ತಿಂಗಳು ಹಿಡಿದಿತ್ತು. ಒಂದು ಸಂಜೆ ನಾನು ಕುಪ್ಪಸಕ್ಕೆ ಗುಂಡಿ ಹಚ್ಚುತ್ತ ಕೂತಿದ್ದಾಗ, ತನ್ನಪ್ಪನ ರಿಂಗ್ ಇಲ್ಲ ಅಂತ ಕೂಸೂ ಸುಮ್ಮನಾಗಿದೆ ನೋಡು, ಮೊದಲಿನಷ್ಟು ಒದೆಯುವುದಿಲ್ಲ ಎಂದು ನಗುತ್ತಲೇ ಹೇಳಿದಳು. ಗದ್ದಲವಿಲ್ಲ, ನಿದ್ದೆ ಮಾಡಾಕತ್ತದ ಎಂದು ಅವ್ವ ಸಮಾಧಾನದಿಂದ ಹೇಳಿದಳು. ನಮಗೂ ಹಾಗೇ ಅನಿಸಿತು. ಕೂಸಿಗೆ ನೆಮ್ಮದಿಯಾಯಿತೆಂದು ಅವ್ವ ಅಂದು ಸಿಹಿ ಸಜ್ಜಕ ಮಾಡಿದಳು.

ಎರಡು ದಿನ ಕಳೆದು ಬೆಳಿಗ್ಗೆ ಅಕ್ಕ ಎದ್ದು ಬಂದು, ಎಚ್ಚರಾದಾಗಿನಿಂದ ಕೂಸಿನ ಅಲುಗಾಟವೇ ಇಲ್ಲ ಎಂದಳು. ಅವಳ ತುಟಿ ಬಿಳಿಚಿತ್ತು. ಆಟೋ ತರಿಸಿ ಓಡಿದೆವು. ಡಾಕ್ಟರ್ ಬಾಯಿ ಹೊಟ್ಟೆಯ ಮೇಲೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು, ಜಾಗ ಬದಲಿಸಿ ಕೇಳಿದರು. ಆಮೇಲೆ ಕೊಳವೆ ತೆಗೆದು ಅಕ್ಕನ ಸೆರಗು ಸರಿಮಾಡಿದರು.

ರಾತ್ರಿ ಹೆರಿಗೆಯಾಯಿತು. ಹೆಣ್ಣು ಕೂಸು. ತೂಕವಿರಲಿಲ್ಲ, ಆದರೆ ಕೈಕಾಲು ಉದ್ದ ಇದ್ದವು. ಅವಳೂ ಎತ್ತರ ಆಗುತ್ತಿದ್ದಳು. ಅಪ್ಪ, ಭಾವ ಇಬ್ಬರೇ ಹೋಗಿ ಮಣ್ಣು ಕೊಟ್ಟು ಬಂದರು. ಭಾವ ಹುಮನಾಬಾದಿನಿಂದ ತಂದಿದ್ದ ಟೋಪಿ ಕುಂಚಿಗೆಯನ್ನು ಅವಳಿಗೆ ತೊಡಿಸಿಯೇ ಒಯ್ದರಂತೆ.

ಮರುದಿನ ಮಧ್ಯಾಹ್ನ ಡಾಕ್ಟರ್ ಬಾಯಿ ಅಕ್ಕನ ಮಂಚದ ಹತ್ತಿರ ಬಂದು ಕೂತರು. ನಾನೊಬ್ಬಳೇ ಇದ್ದೆ, ಅವ್ವ ಬಿಸಿನೀರು ತರಲು ಥರ್ಮಾಸ್ ಹಿಡಿದು ಹೋಗಿದ್ದಳು. ಬೈಯಲಿಲ್ಲ ಅವರು. ಬೈದಿದ್ದರೆ ಚೆನ್ನಾಗಿತ್ತು. ಕೂಸಿನ ಸುತ್ತಲಿನ ನೀರು ಕಡಿಮೆಯಾಗುತ್ತ ಬಂದಿತ್ತು, ಸ್ಕ್ಯಾನಿಂಗ್‌ನಲ್ಲಿ ಅದು ಮೊದಲೇ ಕಾಣುತ್ತಿತ್ತು, ಕಂಡಿದ್ದರೆ ಬೇಗ ಹೊರಗೆ ತೆಗೆದು ಉಳಿಸಲು ನೋಡಬಹುದಿತ್ತು, ಮುಂದಿನ ಸಲಕ್ಕೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ ಎಂದರು. ಅವರು ಎದ್ದುಹೋದ ಮೇಲೆ ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಬಳೆ ಒತ್ತಿ ನೋವಾಗುವಷ್ಟು ಬಿಗಿಯಾಗಿ ಹಿಡಿದಳು.

"ಅವ್ವಗ ಇದು ಗೊತ್ತಾಗಬಾರದು. ಗೊತ್ತಾದ್ರ ಆಕಿ ಉಳಿಯಂಗಿಲ್ಲ."

ಅವ್ವ ಥರ್ಮಾಸ್ ಹಿಡಿದು ಒಳಗೆ ಬಂದಳು. ಡಾಕ್ಟರ್ ಏನೆಂದರು ಎಂದು ಅವಳು ಕೇಳುವ ಮೊದಲೇ ಅಕ್ಕ ಹೇಳಿದಳು, ಮೂರು ತಿಂಗಳು ಹುಮನಾಬಾದಿನಲ್ಲಿ ಇದ್ದೆನಲ್ಲ, ಆ ಟವರಿನ ಎದುರಿಗೆ, ಆಗಲೇ ಆಗಿರಬೇಕು ಎಂದು. ಅವ್ವ ಥರ್ಮಾಸನ್ನು ಕೆಳಗಿಟ್ಟಳು. ಟವರಿಗೆ ಬೈಯುತ್ತಾಳೆಂದು ನಾನು ಕಾಯ್ದೆ. ಅವಳು ಲೋಟಕ್ಕೆ ನೀರು ಬಗ್ಗಿಸಿ ಅಕ್ಕನಿಗೆ ಕುಡಿಸಿದಳು.

ಕೂಸಿಲ್ಲದ ಬಾಣಂತನ ಎಂಥದ್ದೆಂದು ನೋಡದವರಿಗೆ ಹೇಳುವುದು ಕಷ್ಟ. ಅವ್ವ ಒಂದನ್ನೂ ಬಿಡಲಿಲ್ಲ. ದಿನಾ ಎಣ್ಣೆ ಹಚ್ಚಿ ಎರೆದಳು, ಮಂಚದ ಕೆಳಗೆ ಕೆಂಡದ ಬೋಗುಣಿ ಇಟ್ಟಳು, ಕಿವಿಗೆ ಬಟ್ಟೆ ಕಟ್ಟಿದಳು, ಅಂಟಿನುಂಡೆ ಮಾಡಿ ಕೈಯಾರೆ ತಿನ್ನಿಸಿದಳು. ಎದೆಯಲ್ಲಿ ಹಾಲು ಬಂತು. ಅದಕ್ಕೇನು ಗೊತ್ತು? ಅಕ್ಕ ನೋವಿನಿಂದ ನರಳುತ್ತಿದ್ದಳು. ಖಾಲಾ ಮಲ್ಲಿಗೆ ಹೂ ತಂದು, ಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿದಳು, ಹಾಲು ಬತ್ತಲೆಂದು. ಮನೆಯ ತುಂಬ ಮದುವೆ ಮನೆಯ ವಾಸನೆ. ಆಗಿನಿಂದ ನಾನು ಮಲ್ಲಿಗೆ ಮುಡಿಯುವುದನ್ನು ಬಿಟ್ಟಿದ್ದೇನೆ.

ಡಬ್ಬಿ ಅಲ್ಲೇ ಕಟ್ಟೆಯ ಮೇಲಿತ್ತು. ಈಗ ಯಾರೂ ಯಾರಿಗೂ ಹೇಳುತ್ತಿರಲಿಲ್ಲ, ಆದರೂ ಬಂದವರು ರೂಢಿಯಿಂದ ಮೊಬೈಲನ್ನು ಅದರಲ್ಲೇ ಹಾಕುತ್ತಿದ್ದರು. ಅಪ್ಪ ಮಾತ್ರ ಬಂದ್ ಮಾಡುವುದನ್ನು ಬಿಟ್ಟಿದ್ದ. ಸಂಜೆ ಭಾವನ ರಿಂಗು ಮತ್ತೆ ಬರತೊಡಗಿತು. ಗಡಗಡ ಎಂದ ಕೂಡಲೇ ಅಕ್ಕ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು.

ಬಾಣಂತನ ಮುಗಿಯುವ ಮೊದಲೇ ನಮ್ಮ ಓಣಿಯ ತಿರುವಿನ ಕಟ್ಟಡದ ಮೇಲೂ ಟವರು ಹಾಕುತ್ತಾರೆಂದು ಸುದ್ದಿ ಬಂತು. ಓಣಿಯವರು ಬೇವಿನ ಕಟ್ಟೆಯ ಮೇಲೆ ಕೂಡಿದರು. ಕಟ್ಟಡದವನೂ ಬಂದ, ಕಂಪನಿಯ ಮನುಷ್ಯನೊಬ್ಬನನ್ನೂ ಕರೆತಂದ. ನಮ್ಮ ಓಣಿಯ ಹಿರಿಯರಾದ ನಿವೃತ್ತ ಮಾಸ್ತರರು ಮನೆಗೇ ಬಂದು, ನೂರು ಮಾತಿಗಿಂತ ನಿಮ್ಮ ಮನೆಯ ಸಂಕಟವೇ ಸಾಕ್ಷಿ, ಮಗಳು ಬಂದು ಒಂದು ಮಾತು ಹೇಳಲಿ ಎಂದು ಅಪ್ಪನನ್ನು ಕೇಳಿದರು. ನಾನು ಬೇಡವೇ ಬೇಡ ಎಂದೆ. ಅಕ್ಕ ಮಾತ್ರ ಕಿವಿಗೆ ಕಟ್ಟಿದ ಬಟ್ಟೆಯಲ್ಲೇ ಎದ್ದು ನಡೆದಳು. ಯಾಕೆಂದು ನನಗೆ ಗೊತ್ತಿತ್ತು. ಅವಳು ಹೋಗದಿದ್ದರೆ ಅವ್ವನಿಗೆ ಅನುಮಾನ ಬರುತ್ತದೆ.

ಅವಳನ್ನು ಕಂಡು ಮಂದಿ ಸರಿದು ದಾರಿ ಬಿಟ್ಟರು. ಕಂಪನಿಯ ಮನುಷ್ಯ ಕೆಟ್ಟವನೇನಲ್ಲ. ಎದ್ದು ನಿಂತೇ ಮಾತಾಡಿಸಿದ. ಟವರಿನಿಂದಲೇ ಹೀಗಾಯಿತೆಂದು ಡಾಕ್ಟರು ಹೇಳಿದ್ದಾರೆಯೇ ಎಂದು ಕೇಳಿದ.

ಅಕ್ಕ ನೆಲ ನೋಡುತ್ತ, "ಹೌದ್ರಿ. ಡಾಕ್ಟರೇ ಹೇಳ್ಯಾರ" ಎಂದಳು.

ಅವ್ವ ನನ್ನ ಪಕ್ಕದಲ್ಲಿ ನಿಂತಿದ್ದಳು. ಮುಂದೆ ಹೋಗಿ ಅಕ್ಕನ ಭುಜದ ಮೇಲೆ ಕೈಯಿಟ್ಟಳು. ಅಕ್ಕ ಎತ್ತರವಾದ್ದರಿಂದ ಅವ್ವ ಕೈಯನ್ನು ಮೇಲೆತ್ತಿಯೇ ಇಡಬೇಕಾಯಿತು.

"ಸಾಕವ್ವ. ನನ್ನ ಸಲುವಾಗಿ ಇಷ್ಟು ಮಂದಿ ಮುಂದ ಸುಳ್ಳ ಹೇಳಬ್ಯಾಡ," ಎಂದಳು ಅವ್ವ.

ಆಮೇಲೆ ಮಂದಿಯ ಕಡೆ ತಿರುಗಿ, ಒಲೆಯ ಮುಂದೆ ಮಾತಾಡುವಷ್ಟೇ ಮೆಲ್ಲಗೆ ಹೇಳಿದಳು. "ಡಾಕ್ಟರ್ ಬಾಯಿ ಹೇಳಿದ್ದು ಬ್ಯಾರೆ ಅದ ರಿ. ಥರ್ಮಾಸ್ ಹಿಡಕೊಂಡು ನಾ ಬಾಗಲದಾಗೇ ನಿಂತಿದ್ದೆ. ಸ್ಕ್ಯಾನ್ ಮಾಡಿಸಿದ್ರ ಕೂಸು ಉಳೀತಿತ್ತೇನೋ. ಬ್ಯಾಡ ಅಂದಾಕಿ ನಾನು. ಈಕಿ ಅಲ್ಲ, ಟವರೂ ಅಲ್ಲ."

ಅಷ್ಟು ದಿನ ಅಕ್ಕ ಅವ್ವನಿಂದ ಮುಚ್ಚಿಟ್ಟದ್ದನ್ನು ಅವ್ವ ಅಕ್ಕನಿಂದ ಮುಚ್ಚಿಟ್ಟಿದ್ದಳು. ಎಣ್ಣೆ ಹಚ್ಚುವಾಗ, ಉಂಡೆ ತಿನ್ನಿಸುವಾಗ, ಇಬ್ಬರೂ ಮುಖಕ್ಕೆ ಮುಖ ಕೊಟ್ಟು ಕೂತು ಅದನ್ನು ನುಂಗಿದ್ದರು. ಖಾಲಾ ಬಂದು ಅವ್ವನ ಕೈ ಹಿಡಿದು ಮನೆಯ ಕಡೆ ಕರೆತಂದಳು.

ಟವರು ಎದ್ದಿತು. ಹೆಂಗಸು ಬಾಯಿ ಬಿಟ್ಟು ಓಣಿಯ ಕೆಲಸ ಕೆಡಿಸಿದಳು ಎಂದು ಕೆಲವರು ಆಡಿಕೊಂಡರು. ಅವರಿಗೆ ನಾನು ಇವತ್ತಿಗೂ ಚಹಾ ಕುಡಿಯಿರಿ ಎಂದಿಲ್ಲ. ಟವರು ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಬೇವಿನ ಮರದ ತುದಿಗಿಂತ ಮೇಲೆ ಅದರ ಕೆಂಪು ದೀಪ ಉರಿಯುವಾಗ ನನಗೂ ಒಳಗೆ ಕಸಿವಿಸಿಯಾಗುತ್ತದೆ. ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಬಲ್ಲವರು ಹೇಳಲಿ. ಅದರ ಹೆದರಿಕೆ ನಮ್ಮ ಮನೆಯಲ್ಲಿ ಏನು ಮಾಡಿತು ಎಂಬುದಷ್ಟೇ ನನಗೆ ಗೊತ್ತು.

ಬೇವಿನ ಕಟ್ಟೆಯಿಂದ ಬಂದ ಆ ಸಂಜೆ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಅವ್ವ ಹೊಸಿಲ ಒಳಗೆ ಗೋಡೆಗೆ ಒರಗಿ ಕೂತಿದ್ದಳು, ಅಕ್ಕ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಇಬ್ಬರೂ ಅತ್ತು ಮುಗಿಸಿದ್ದರು. ಹೊರಗೆ ಡಬ್ಬಿ ಗಡಗಡ ಎಂದಿತು. ಭಾವನ ಹೊತ್ತು ಅದು.

ಅವ್ವ ಅಕ್ಕನ ತಲೆಯನ್ನು ಮೆಲ್ಲಗೆ ಸರಿಸಿ ಎದ್ದಳು. ಹೊರಗೆ ಹೋಗಿ, ಮುಚ್ಚಳ ತೆಗೆದು, ಮೊಬೈಲನ್ನು ಹೊಸಿಲ ಒಳಗೆ ತಂದಳು. ಅಷ್ಟರಲ್ಲಿ ರಿಂಗ್ ನಿಂತಿತ್ತು. ಅಪ್ಪನನ್ನು ಕರೆದು, ಅಳಿಯಂದಿರಿಗೆ ಫೋನು ಹಚ್ಚಿಕೊಡಿ ಎಂದಳು. ಅಪ್ಪ ಹಚ್ಚಿ ಕೊಟ್ಟಾಗ ಅದನ್ನು ಅಕ್ಕನ ಕಿವಿಯ ಹತ್ತಿರ ಹಿಡಿದಳು. ಅಕ್ಕ ಹಿಂದೆ ಸರಿದು, ಅವರು ಮಿಸ್ ಕಾಲ್ ಕೊಟ್ಟಿದ್ದು, ಮಾತಾಡಲಿಕ್ಕಲ್ಲ ಎಂದಳು.

"ಮಾತಾಡವ್ವ," ಎಂದಳು ಅವ್ವ. "ಇನ್ನ ಯಾರ ಸಲುವಾಗಿ ಅಂಜೂದು ಅದ?"

ತಾನೇ ಅಕ್ಕನ ಕಿವಿಗೆ ಕಟ್ಟಿದ್ದ ಬಟ್ಟೆಯನ್ನು ಅವ್ವ ಬಿಚ್ಚಿದಳು. ಹುಮನಾಬಾದಿನಿಂದ ಭಾವನ ಗಾಬರಿಯ ಧ್ವನಿ ನನ್ನವರೆಗೂ ಕೇಳುತ್ತಿತ್ತು. ಎಂದೂ ತಿರುಗಿ ಬರದ ಫೋನು ಬಂದಿದೆಯೆಂದರೆ ಇನ್ನೂ ಏನಾಯಿತೋ ಎಂದು ಹೆದರಿ, ಏನಾತು, ಏನಾತು ಎಂದು ಕೇಳುತ್ತಿದ್ದ. ಅಕ್ಕ ಅವ್ವನ ಮುಖವನ್ನೇ ನೋಡುತ್ತ, ಏನಿಲ್ಲರಿ, ಅವ್ವ ಮಾತಾಡು ಅಂದಳು ಎಂದಳು.